ಚಿಕ್ಕಮ್ಮನ ಕಣ್ಣು

ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಎಂದಿನ ನೂಕುನುಗ್ಗಲು. ಅಂಚೆ ಕಚೇರಿಯ ಕೌಂಟರಿನಿಂದ ಸ್ವಲ್ಪ ಬೇಗ ಎದ್ದು ಬಂದಿದ್ದ ಅವಳು ಮಗಳಿಗಾಗಿ ಕತ್ತು ಉದ್ದ ಮಾಡಿ ನಿಂತಿದ್ದಳು. ಮಗಳು ಬಂದಳು, ನೀರಿನ ಬಾಟಲಿ ಕುಣಿಸುತ್ತಾ, ನಗುತ್ತಾ. ಬಂದವಳು ಅವಳನ್ನು ದಾಟಿ ಮುಂದೆ ಹೋಗಿ, ಅಲ್ಲಿ ಹಳದಿ ಬಟ್ಟೆ ತೊಟ್ಟು ನಿಂತಿದ್ದ ಬೇರೊಬ್ಬ ಹೆಂಗಸಿನ ಕೈ ಹಿಡಿದುಕೊಂಡು, "ಅಮ್ಮಾ, ಇವತ್ತು ನಂಗೆ ಸ್ಟಾರ್ ಕೊಟ್ರು" ಎಂದಳು.

ತಾಯಿ ತೊಟ್ಟಿದ್ದೂ ಹಳದಿಯೇ.

"ಪುಟ್ಟಿ, ನಾನು ಇಲ್ಲಿದೀನಿ ಕಣೇ."

ಮಗು ದನಿ ಬಂದ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ ಹುಡುಕಿತು. ಆ ಹೆಂಗಸು ನಕ್ಕು, "ಮಕ್ಕಳೇ ಹಾಗೆ ಬಿಡಿ" ಎಂದಳು. ಅವಳಿಗೆ ನಗು ಬರಲಿಲ್ಲ.

ಗೊತ್ತಿಲ್ಲದ್ದೇನಲ್ಲ. ಮಗು ಪುಸ್ತಕಕ್ಕೆ ಮೂಗು ತಾಗಿಸಿ ಚಿತ್ರ ನೋಡುವುದು, ಮೆಟ್ಟಿಲು ಎಡವುವುದು, ಬೋರ್ಡು ಕಾಣಿಸುತ್ತಿಲ್ಲವೆಂದು ಟೀಚರ್ ಹೇಳಿ ಕಳಿಸಿದ್ದು, ಎಲ್ಲವೂ ಗೊತ್ತಿತ್ತು. ಪ್ರತಿ ಸಲವೂ ಗಂಡನದು ಒಂದೇ ಮಾತು: "ನಮ್ಮ ಮನೇಲಿ ಯಾರಿಗೂ ಕನ್ನಡಕ ಇಲ್ಲ. ನಿನಗೂ ಇಲ್ಲ. ಈಗ ಇವಳಿಗೆ ಹಾಕಿಸಿದ್ರೆ ಅಮ್ಮ ಕೇಳದೆ ಬಿಡ್ತಾಳಾ?" ಅವಳೂ ಹೂಂಗುಟ್ಟಿ ಸುಮ್ಮನಾಗುತ್ತಿದ್ದಳು. ಎರಡೂ ಮನೆಗಳಲ್ಲಿ ಚಿಕ್ಕಂದಿನಿಂದ ಕನ್ನಡಕ ಹಾಕಿದ್ದವಳು ಒಬ್ಬಳೇ, ಅವಳ ತಂಗಿ. ಶಾಲೆಯಲ್ಲಿ ಎಲ್ಲರೂ 'ಸೋಡಾಬುಡ್ಡಿ' ಎಂದು ಆಡಿಕೊಳ್ಳುತ್ತಿದ್ದ, ಈಗ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ತಂಗಿ.

ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬದೆ, ತನ್ನ ಅಂಡಾಣುವಿನಿಂದ ಮಗುವಾಗುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದಾಗ ಅವಳು ಅತ್ತು ಕೇಳಿಕೊಂಡಿದ್ದು ಈ ತಂಗಿಯನ್ನೇ. ಇಲ್ಲೇ ಆದರೆ ಯಾರ ಕಣ್ಣಿಗಾದರೂ ಬೀಳುತ್ತೇವೆಂದು ಗಂಡ ಹೊರದೇಶದ ಆಸ್ಪತ್ರೆ ಗೊತ್ತುಮಾಡಿದ. ಮನೆಯವರಿಗೆಲ್ಲ ಪ್ರವಾಸವೆಂದು ಹೇಳಿ ಮೂವರೂ ವಿಮಾನ ಹತ್ತಿದರು. ಭಾಷೆ ತಿಳಿಯದ ಆ ಊರಿನ ಬಾಡಿಗೆ ಕೋಣೆಯಲ್ಲಿ ತಂಗಿ ದಿನವೂ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡಳು. ಅಂಡಾಣು ತೆಗೆದ ಮೇಲೆ ಅವಳ ಹೊಟ್ಟೆ ಉಬ್ಬಿ, ಉಸಿರಾಡುವುದೂ ಕಷ್ಟವಾಗಿ, ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಅಕ್ಕ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ಬಸಿರು ನಿಲ್ಲಲೆಂದು ಅಲುಗಾಡದೆ ಮಲಗಿದ್ದಳು. ಗಂಡ ಅವಳ ಪಕ್ಕದಲ್ಲಿದ್ದ. ತಂಗಿಯ ಪಕ್ಕ ಯಾರೂ ಇರಲಿಲ್ಲ.

ಮಗು ಹುಟ್ಟಿತು. ಬೆಳೆಯುತ್ತಾ ಮುಖ ತಿದ್ದಿಕೊಂಡಿತು. "ಇದೇನೇ, ಅಚ್ಚು ಚಿಕ್ಕಮ್ಮನ ಹಾಗೇ ಇದೆಯಲ್ಲ" ಎಂದು ಅತ್ತೆ ನಗುತ್ತಾ ಆಡಿದ ಒಂದು ಮಾತು ಸಾಕಾಯಿತು. ಗಂಡನ ಮುಖ ಕಪ್ಪಿಟ್ಟಿತು. ಮರುದಿನ ಅವಳೇ ತಂಗಿಗೆ ಫೋನ್ ಮಾಡಿ, "ಸ್ವಲ್ಪ ದಿನ ಈ ಕಡೆ ಬರಬೇಡ ಕಣೇ" ಎಂದಳು. "ಆಯ್ತಕ್ಕ" ಎಂದಷ್ಟೇ ಹೇಳಿದ್ದಳು ತಂಗಿ. ಆ ಸ್ವಲ್ಪ ದಿನಕ್ಕೆ ಈಗ ನಾಲ್ಕು ವರ್ಷ.

ಶಾಲೆಯಿಂದ ಅವಳು ಮನೆಗೆ ಹೋಗದೆ ನೇರ ಕಣ್ಣಿನ ಡಾಕ್ಟರ ಬಳಿ ಹೋದಳು. ವಯಸ್ಸಾದ ಡಾಕ್ಟರಮ್ಮ ಪರೀಕ್ಷೆ ಮುಗಿಸಿ ನಿಟ್ಟುಸಿರಿಟ್ಟರು.

"ಎರಡೂ ಕಣ್ಣಿಗೆ ಪವರ್ ಜಾಸ್ತಿ ಇದೆ. ಎಡಗಣ್ಣಂತೂ ನೋಡೋದನ್ನೇ ಕಲ್ತಿಲ್ಲ. ಕನ್ನಡಕ ಹಾಕಿ, ಬಲಗಣ್ಣಿಗೆ ಪಟ್ಟಿ ಅಂಟಿಸಿ, ಇದನ್ನ ದುಡಿಸ್ಬೇಕು. ಇನ್ನೂ ಚಿಕ್ಕೋಳಿದ್ದಾಗ ಕರ್ಕೊಂಡು ಬಂದಿದ್ರೆ ಪೂರ್ತಿ ಸರಿಹೋಗ್ತಿತ್ತೇನೋ. ಈಗ ಎಷ್ಟು ಬರುತ್ತೋ ಅಷ್ಟು. ನಿಮ್ಮಲ್ಲಿ ಯಾರಿಗಾದ್ರೂ ಹೀಗಿತ್ತಾ?"

"ಇಲ್ಲ." ಅಭ್ಯಾಸಬಲದಿಂದ ನಾಲಿಗೆ ಹೇಳಿಬಿಟ್ಟಿತು.

ಮಗು ಎತ್ತರದ ಕುರ್ಚಿಯಲ್ಲಿ ಕಾಲಾಡಿಸುತ್ತಾ ಎದುರಿನ ಗೋಡೆ ನೋಡುತ್ತಿತ್ತು. ಅಲ್ಲಿ ಅಕ್ಷರಗಳಿವೆ ಎಂಬುದೇ ಅದಕ್ಕೆ ಗೊತ್ತಿದ್ದಂತಿರಲಿಲ್ಲ.

"ಇದೆ," ಎಂದಳು ಅವಳು. "ನನ್ನ ತಂಗಿಗೆ. ಈ ಮಗು ಆಗಿದ್ದು ಅವಳ ಅಂಡಾಣುವಿನಿಂದ."

ಡಾಕ್ಟರಮ್ಮ ಹುಬ್ಬೇರಿಸಲಿಲ್ಲ. "ಮೊದಲೇ ಹೇಳ್ಬೇಕಿತ್ತಮ್ಮ. ಅವರ ಕಣ್ಣನ್ನೂ ಒಂದ್ಸಲ ನೋಡ್ತೀನಿ, ಕರ್ಕೊಂಡು ಬನ್ನಿ."

ಮರುದಿನ ಅವಳು ಮುದ್ರಣಾಲಯಕ್ಕೆ ಹೋದಾಗ ತಂಗಿ ಶಾಯಿ ಆರದ ಹಾಳೆಗೆ ಮುಖ ಬಗ್ಗಿಸಿ ಕೂತಿದ್ದಳು. ಅಕ್ಕ ಹೇಳಿದ್ದನ್ನೆಲ್ಲ ಕೇಳಿದಳು. ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

"ಅಲ್ಲಿ ಒಬ್ಳೇ ಒದ್ದಾಡ್ತಾ ಮಲಗಿದ್ದೆ, ನಿನ್ ಮೇಲೆ ಕೋಪ ಬರ್ಲಿಲ್ಲ. ಬರ್ಬೇಡ ಅಂದೆ, ನುಂಗ್ಕೊಂಡೆ. ಆದ್ರೆ ನನ್ ಕಣ್ಣು ಅವಳಿಗೆ ಬಂದಿದೆ ಅಂತ ನಿಂಗೆ ಗೊತ್ತಿತ್ತಲ್ಲ ಅಕ್ಕ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ದೆ."

"ಹೆದರಿಕೆ ಆಯ್ತು ಕಣೇ. ಅವಳು ನನ್ನ ಮಗಳಲ್ಲ ಅಂತ ಯಾರಾದ್ರೂ ಅಂದುಬಿಟ್ರೆ? ಒಂಬತ್ತು ತಿಂಗಳು ಹೊತ್ತಿದೀನಿ, ಹೆತ್ತಿದೀನಿ. ಆದ್ರೂ ನಿನ್ನ ಕಂಡ್ರೆ ನಾನೇ ಕಳ್ಳಿ ಅನ್ನಿಸ್ತಿತ್ತು."

"ನಾನು ಯಾವತ್ತಾದ್ರೂ ಅವಳನ್ನ ನನ್ನ ಮಗಳು ಅಂದ್ನಾ? ಚಿಕ್ಕಮ್ಮ ಅನ್ನಿಸ್ಕೊಂಡ್ರೆ ಸಾಕಾಗಿತ್ತು. ಅದನ್ನೂ ಉಳಿಸ್ಲಿಲ್ಲ ನೀನು."

ತಂಗಿ ಎದ್ದು ಕೆಲಸಕ್ಕೆ ರಜೆ ಹೇಳಿ ಬಂದಳು.

ಕಣ್ಣಿನ ಆಸ್ಪತ್ರೆಯಲ್ಲಿ ತಂಗಿ ಡಾಕ್ಟರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಕಣ್ಣಿಗೆ ಹನಿ ಹಾಕಿಸಿಕೊಂಡು ಬೆಳಕಿನೆದುರು ಕೂತಳು. ಅದೃಷ್ಟಕ್ಕೆ ಬೇರೆ ದೋಷ ಇರಲಿಲ್ಲ. ಅಕ್ಕ ಶಾಲೆಯಿಂದ ಕರೆತಂದಿದ್ದ ಮಗು ಅವಳನ್ನು ತೀರ ಹತ್ತಿರದಿಂದ ನೋಡಿ, "ಆಂಟಿ, ನಿಮ್ಮ ಕನ್ನಡಕ ಎಷ್ಟು ದಪ್ಪ ಇದೆ" ಎಂದಿತು.

"ಆಂಟಿ ಅಲ್ಲ ಪುಟ್ಟಿ. ನಿನ್ನ ಚಿಕ್ಕಮ್ಮ," ಎಂದಳು ಅಕ್ಕ.

ತಂಗಿ ಮಗುವಿನ ಕೆನ್ನೆ ಮುಟ್ಟಲು ಕೈ ಎತ್ತಿದವಳು, ಚೀಲದ ಪಟ್ಟಿ ಸರಿಮಾಡಿಕೊಂಡಳು.

ಹೊರಗೆ ಬಂದ ಮೇಲೆ ಅಕ್ಕ, "ಮನೆಗೆ ಬಾ" ಎಂದಳು.

"ಬರಲ್ಲ. ಇವಳ ಕಣ್ಣು ತೋರಿಸೋ ದಿನ ಇಲ್ಲಿಗೆ ಕರಿ, ಬರ್ತೀನಿ." ತಿರುಗಿ ನೋಡದೆ ನಡೆದುಹೋದಳು. ಅಕ್ಕ ಮತ್ತೆ ಕರೆಯಲಿಲ್ಲ. ಕರೆಯುವ ಬಾಯಿ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಕನ್ನಡಕ ಸಿದ್ಧವಾದ ದಿನ, ಬಲಗಣ್ಣಿಗೆ ಪಟ್ಟಿ ಅಂಟಿಸಿಕೊಂಡ ಮಗು ಮಬ್ಬುಗಣ್ಣಿನಲ್ಲಿ ತಡವರಿಸುತ್ತಾ ಅವಳ ಕೈ ಬಿಗಿಯಾಗಿ ಹಿಡಿದು ಮನೆಯೊಳಗೆ ಬಂತು. ಗಂಡ ಓದುತ್ತಿದ್ದ ಪತ್ರಿಕೆ ಕೆಳಗಿಟ್ಟ. ಅತ್ತೆ ಗಾಬರಿಯಿಂದ ಎದ್ದರು.

"ಅಯ್ಯೋ, ಇದೇನಮ್ಮ ಇದು? ನಮ್ಮ ವಂಶದಲ್ಲೇ ಇಲ್ಲದ್ದು, ಇವಳಿಗೆ ಯಾರಿಂದ ಬಂತು?"

"ಈಗಿನ ಮಕ್ಕಳಿಗೆ ಟೀವಿ ನೋಡಿ ನೋಡಿ..." ಎಂದು ಗಂಡ ಶುರುಮಾಡಿದ.

ಅವಳು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಳು.

"ಟೀವಿಯಿಂದಲ್ಲ ಅತ್ತೆ. ಕೂತ್ಕೊಳ್ಳಿ, ಹೇಳ್ತೀನಿ" ಎಂದಳು.