ಹೊಕ್ಕುಳಿಲ್ಲದ ಗೊಂಬೆ

ಅವಳ ಮೈಯ ಅಚ್ಚು ತೆಗೆದು ಕಾರ್ಖಾನೆಯವರು ಗೊಂಬೆ ಮಾಡಿದರು, ಅವಳಿಗೆ ಮಕ್ಕಳಾದ ಮೇಲೆ ಆ ಗೊಂಬೆಯ ಅಳತೆಗೆ ಇಳಿದರೆ ಮಾತ್ರ ಹಳೆಯ ಕೆಲಸ ಎಂದರು. ಡಾಕ್ಟರ ಕೈಯಲ್ಲಿರುವ ನೇರಳೆ ಪೆನ್ನಿನ ತುದಿ ತಣ್ಣಗಿದೆ, ಹೊಟ್ಟೆಯ ಮೇಲೆ ಇರುವೆ ನಡೆದ ಹಾಗೆ, ಇರುವೆಯಲ್ಲ, ಸೀಮೆಸುಣ್ಣ, ಬಟ್ಟೆಯ ಮೇಲೆ ಗೆರೆ ಎಳೆಯುವ ಆ ಚಪ್ಪಟೆ ಚೂರು, ಎಷ್ಟು ವರ್ಷ ಎಳೆಸಿಕೊಂಡಿಲ್ಲ ಅವಳು, ಮೈಮೇಲೆ ಹೊಲಿಗೆ ಮುಗಿಯದ ಅಂಗಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಕಟಿಂಗ್ ಮಾಸ್ತರು, ಕೈ ಎತ್ತು, ಬಗ್ಗು, ಕೂತ್ಕೋ, ಎಲ್ಲಿ ಬಿಗಿ, ಎಲ್ಲಿ ಹಿಡೀತಿದೆ ಹೇಳು — ಅದೇ ಆಗ ಅವಳ ಕೆಲಸ, ಬಟ್ಟೆ ಕಾರ್ಖಾನೆಯ ಮೀಡಿಯಂ ಸೈಜು ಅವಳು, ಮೊದಲು ಹೊಲಿದ ಒಂದು ಅಂಗಿ ಅವಳ ಮೈಗೆ ಒಪ್ಪಿದ ಮೇಲೆಯೇ ಉಳಿದ ಸಾವಿರ ಅಂಗಿಗಳಿಗೆ ಕತ್ತರಿ ಬೀಳುತ್ತಿದ್ದದ್ದು, ಮೆಷಿನ್ ಸಾಲಿನ ಹೆಂಗಸರು ಅವಳಿಗೆ ಮೀಡಿಯಮ್ಮ ಅಂತಲೇ ಹೆಸರಿಟ್ಟಿದ್ದರು, ಏನಮ್ಮ ಮೀಡಿಯಮ್ಮ, ಇವತ್ತು ಊಟ ಕಮ್ಮಿ ಮಾಡು, ಇಲ್ಲಾಂದ್ರೆ ಊರಿನ ಹೆಂಗಸರ ಅಂಗಿ ಎಲ್ಲ ದೊಗಳೆ ಆಗುತ್ತೆ. ನಗು ಬಂತು, ಹೊಟ್ಟೆ ಕುಲುಕಿತು, ಗೆರೆ ಸೊಟ್ಟಗಾಯಿತು. ನಗಬೇಡಿ ಅಂತ ನಾನೇನೂ ಹೇಳಲ್ಲ, ಅಂದರು ಡಾಕ್ಟರು, ಇನ್ನೊಂದು ಸಲ ಎಳೀತೀನಿ ಅಷ್ಟೆ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದರು, ಮುಟ್ಟುವ ಮೊದಲು ಎರಡೂ ಕೈ ಉಜ್ಜಿ ಬಿಸಿ ಮಾಡಿಕೊಂಡರು, ಇಷ್ಟು ವರ್ಷ ಅವಳ ಮೈಮುಟ್ಟಿ ದುಡಿದವರಲ್ಲಿ ಒಬ್ಬರಾದರೂ ಹೀಗೆ ಕೈ ಬಿಸಿ ಮಾಡಿಕೊಂಡಿದ್ದರಾ, ಇಲ್ಲ, ಈ ತಾಯಿಯ ಹೊಟ್ಟೆ ತಣ್ಣಗಿರಲಿ.

ಪಕ್ಕೆಯ ಎರಡೂ ಕಡೆ ಚುಕ್ಕಿಚುಕ್ಕಿಯ ಸುತ್ತು, ಅದು ಲೈಪೊಸಕ್ಷನ್‌ದು, ಸಣ್ಣ ತೂತು ಮಾಡಿ ಕೊಳವೆ ತೂರಿಸಿ ಕೊಬ್ಬು ಎಳೆದು ತೆಗೆಯುವುದು, ಬೇಗ ಎದ್ದು ಓಡಾಡಬಹುದು. ಕೆಳಗೆ ಈ ಸೊಂಟದಿಂದ ಆ ಸೊಂಟದವರೆಗೆ ಬಾಗಿದ ಒಂದೇ ಉದ್ದ ಗೆರೆ, ಅದು ಟಮ್ಮಿ ಟಕ್, ಅಲ್ಲಿ ಕೊಯ್ದು, ಮಿಕ್ಕ ಚರ್ಮ ತೆಗೆದು, ಒಳಗೆ ಬಿಟ್ಟುಕೊಂಡ ಸ್ನಾಯುಗಳನ್ನು ಸೇರಿಸಿ ಹೊಲಿಯುವುದು, ಒಂದೂವರೆ ತಿಂಗಳು ಮಕ್ಕಳನ್ನು ಎತ್ತುವ ಹಾಗಿಲ್ಲ. ಎರಡನ್ನೂ ಒಂದೇ ಹೊಟ್ಟೆಯ ಮೇಲೆ ಬರೆದು ಡಾಕ್ಟರು ಅವಳನ್ನು ನಿಲುವುಗನ್ನಡಿಯ ಮುಂದೆ ನಿಲ್ಲಿಸಿದರು, ನೋಡ್ಕೊಳ್ಳಿ, ಪಕ್ಕದ ರೂಮಿನಲ್ಲಿ ಒಬ್ಬರ ಹೊಲಿಗೆ ಬಿಚ್ಚಿ ಬರ್ತೀನಿ, ಅಷ್ಟರಲ್ಲಿ ಯೋಚನೆ ಮಾಡಿ, ನಾನು ಹೇಳೋದು ಒಂದೇ, ನಿಮ್ಮದು ಕೊಬ್ಬಿನ ತೊಂದರೆ ಅಲ್ಲ — ಗೆರೆ ಎಳೆಯುವ ಮೊದಲೇ ಮಲಗಿಸಿ, ತಲೆ ಮಾತ್ರ ಎತ್ತಿಸಿ, ಹೊಟ್ಟೆಯ ನಡುವೆ ಬೆರಳಿಟ್ಟಿದ್ದರು, ಬೆರಳುಗಳು ಒಳಗೆ ಇಳಿದವು, ಬಾಗಿಲು ಸರಿಯಾಗಿ ಹಾಕದ ಮನೆಯ ಹಾಗೆ, ಅವಳ ಕೈಯನ್ನೂ ತೆಗೆದುಕೊಂಡು ಅಲ್ಲಿಟ್ಟರು, ಗೊತ್ತಾಯ್ತಾ, ಅವಳಿ ಮಕ್ಕಳು ಜಾಗ ಮಾಡ್ಕೊಂಡಿರೋದು ಇದು, ನಿಮ್ಮ ಬೆನ್ನುನೋವು ಶುರುವಾಗೋದು ಇಲ್ಲಿಂದ, ಹೊಕ್ಕುಳ ಹತ್ತಿರ ಹರ್ನಿಯಾ ಕೂಡ ಇದೆ, ಕೊಳವೆ ಹಾಕಿ ಎಳೆದರೆ ಅಳತೆ ಇಳಿಯಬಹುದು, ಚರ್ಮ ಜೋತುಬೀಳುತ್ತೆ, ಈ ಬಾಗಿಲು ಹೀಗೇ ತೆರೆದಿರುತ್ತೆ. ಜಾಗ ಮಾಡ್ಕೊಂಡಿರೋದು. ಹಾಗೆ ಯಾರೂ ಹೇಳಿರಲಿಲ್ಲ, ಇಳಿದುಹೋಗಿದೆ, ಹಾಳಾಗಿದೆ, ಶೇಪು ಕೆಟ್ಟಿದೆ, ಇವೇ ಮಾತು, ಜಾಗ ಮಾಡಿಕೊಟ್ಟೆ ಅಂತ ಹೇಳಿಕೊಳ್ಳಬಹುದು ಎಂದು ಗೊತ್ತೇ ಇರಲಿಲ್ಲ.

ಅಚ್ಚು ತೆಗೆದ ದಿನವೂ ಹೀಗೇ ನಿಲ್ಲಿಸಿದ್ದರು, ಸ್ಯಾಂಪಲ್ ರೂಮಿನ ಟ್ಯೂಬ್‌ಲೈಟ್ ಕೆಳಗೆ, ಮೈಗಂಟುವ ಬನಿಯನ್ನು ತೊಡಿಸಿ, ಅದರ ಮೇಲೆ ನೆನೆಸಿದ ಪ್ಲಾಸ್ಟರ್ ಪಟ್ಟಿ ಸುತ್ತಿ, ಅಲ್ಲಾಡಬೇಡ, ಉಸಿರು ಸಣ್ಣಗೆ ಬಿಡು, ಮ್ಯಾನೇಜರು ಸುತ್ತ ಸುತ್ತುತ್ತಿದ್ದ, ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಹುಟ್ಟಿದವನ ಹಾಗೆ, ಎಲ್ಲರೂ ಬೆನ್ನ ಹಿಂದೆ ಟೇಪು ಅನ್ನುತ್ತಿದ್ದರು, ಟೇಪು ಅಂದ, ಇದು ನಿನಗೇ ಒಳ್ಳೇದು, ನೀನು ರಜಾ ಹಾಕಿದಾಗ ಕೆಲಸ ನಿಲ್ಲಬಾರದಲ್ಲ, ಅವಳು ಹೌದು ಅಂದಳು, ಖುಷಿಯೇ ಆಗಿತ್ತು, ತನ್ನ ಹಾಗೆ ಇನ್ನೊಬ್ಬಳು, ಪ್ಲಾಸ್ಟರು ಹೊಕ್ಕುಳಿಗೆ ಇಳಿದೀತೆಂದು ಮಾಸ್ತರು ಬನಿಯನ್ನಿನ ಮೇಲೆ ಅಲ್ಲಿಗೊಂದು ದಪ್ಪ ತೇಪೆ ಅಂಟಿಸಿದ, ಬೇಕಾಗಿಲ್ಲ ಅದು, ಅಂಗಿಗೆ ಹೊಕ್ಕುಳು ಯಾತಕ್ಕೆ, ಅಂದ — ಪ್ಲಾಸ್ಟರು ಒಣಗುತ್ತ ಬಿಸಿಯಾಯಿತು, ಬಿಗಿಯಿತು, ಕತ್ತರಿಸಿ ಬಿಡಿಸಿದಾಗ ಗಾಳಿ ತಾಕಿ ಮೈ ಜುಮ್ಮೆಂದಿತು, ತಿಂಗಳ ನಂತರ ಗೊಂಬೆ ಬಂತು, ತಲೆಯಿಲ್ಲ, ಕೈಯಿಲ್ಲ, ಕಬ್ಬಿಣದ ಕಾಲಿನ ಮೇಲೆ ಅವಳ ಎದೆ ಅವಳ ಸೊಂಟ ಅವಳ ಹೊಟ್ಟೆ, ಹೊಟ್ಟೆ ಮಾತ್ರ ನುಣ್ಣಗೆ, ನಡುವೆ ಏನೂ ಇಲ್ಲ, ತೊಳೆದಿಟ್ಟ ತಟ್ಟೆಯ ಹಾಗೆ. ಆಮೇಲೆ ಅವಳ ಹೊಟ್ಟೆಯಲ್ಲಿ ಒಂದಲ್ಲ ಎರಡು ಎಂದು ಗೊತ್ತಾಯಿತು, ರಜೆ, ಹೆರಿಗೆ, ಹಾಲು, ನಿದ್ದೆಗೇಡು, ವಾಪಸು ಬಂದರೆ ಅವಳ ಜಾಗದಲ್ಲಿ ಗೊಂಬೆ ನಿಂತಿತ್ತು, ಅವಳನ್ನು ನೂಲು ಕತ್ತರಿಸುವ ವಿಭಾಗಕ್ಕೆ ಹಾಕಿದರು, ಬಗ್ಗಿದ ಬೆನ್ನು ಬಗ್ಗಿಯೇ ಇರುವ ಕೆಲಸ. ಗೊಂಬೆ ಎಲ್ಲಕ್ಕೂ ಒಪ್ಪಿತು, ಅದೇ ಎಡವಟ್ಟಾದದ್ದು, ಕಂಕುಳಲ್ಲಿ ಹಿಡಿದರೂ ಸುಮ್ಮನೆ, ಕೂತರೆ ಗುಂಡಿ ಸಿಡಿಯುತ್ತೆ ಅಂತ ಹೇಳಲಿಲ್ಲ, ಅದು ಕೂರುವುದೇ ಇಲ್ಲವಲ್ಲ, ಒಂದು ಹಡಗಿನಷ್ಟು ಅಂಗಿ ವಾಪಸು ಬಂತು, ಆಗ ಟೇಪು ನೂಲಿನ ವಿಭಾಗಕ್ಕೆ ತಾನೇ ನಡೆದು ಬಂದ, ಮುಖದಲ್ಲಿ ಬೆಣ್ಣೆ, ನೋಡಮ್ಮ, ಮುಂದಿನ ತಿಂಗಳು ಖರೀದಿದಾರರು ಬರ್ತಾರೆ, ಮಾತಾಡೋ ಮೈ ಬೇಕು ಅಂತಿದ್ದಾರೆ, ಲೈಪೊ ಮಾಡಿಸ್ಕೋ, ಕಂಪನಿ ನೋಡ್ಕೊಳ್ಳುತ್ತೆ, ಗೊಂಬೆ ಅಳತೆಗೆ ಬಾ, ಎಷ್ಟು ಜನರಿಗೆ ಸಿಗುತ್ತೆ ಹೇಳು ಇಂಥ ಭಾಗ್ಯ, ಸ್ವಲ್ಪ ಕೃತಜ್ಞತೆ ಇರಲಿ.

ಕೃತಜ್ಞತೆ. ಇದೆ, ಸಾರ್, ಬೇಕಾದಷ್ಟಿದೆ, ಅದನ್ನು ಎಲ್ಲಿಡಬೇಕು ಎನ್ನುವುದರಲ್ಲೇ ಜಗಳ. ಕನ್ನಡಿಯೊಳಗಿನ ಹೊಟ್ಟೆ ನೇರಳೆ ಗೆರೆಗಳನ್ನು ಹೊತ್ತು ನಿಂತಿದೆ, ಕೆಳಗಡೆ ಸಡಿಲ, ಹಿಟ್ಟಿನ ಚೀಲವನ್ನು ಅರ್ಧ ಖಾಲಿ ಮಾಡಿ ಬಾಯಿ ಕಟ್ಟಿಟ್ಟ ಹಾಗೆ, ಬೆಳ್ಳಿಯ ಬಣ್ಣದ ಬರೆಗಳು, ಮೊದಮೊದಲು ಸ್ನಾನದ ಮನೆಯಲ್ಲಿ ಇದಕ್ಕೆ ಬೆನ್ನು ಹಾಕಿಯೇ ನೀರು ಹುಯ್ದುಕೊಳ್ಳುತ್ತಿದ್ದಳು, ಅತ್ತೆ ಒಂದು ದಿನ ಬೆನ್ನುಜ್ಜಲು ಬಂದವಳು ನೋಡಿ, ಏನೇ, ಹೊಟ್ಟೆ ಮೇಲೇನು ಕೋಪ, ಬಾಡಿಗೆ ಕೇಳದೆ ಇಬ್ಬರನ್ನ ಇಟ್ಕೊಂಡಿತ್ತಲ್ಲ ಪಾಪ, ಅಂದಳು, ಅಂದವಳೇ ತನ್ನ ಲಂಗದ ಅಂಚು ಜಾರಿಸಿ ತನ್ನದನ್ನೂ ತೋರಿಸಿದಳು, ನೋಡು, ನಿನ್ನ ಗಂಡ ಹುಟ್ಟೋವಾಗ ಖಾಲಿ ಮಾಡಿ ಹೋಗಿರೋ ಮನೆ, ಸುಣ್ಣಬಣ್ಣ ಕಾಣದೆ ಎಷ್ಟು ವರ್ಷ ಆಯ್ತು, ಇಬ್ಬರೂ ಬಕೆಟ್ಟಿನ ಪಕ್ಕ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆ ಅತ್ತೆ ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ತೊಡೆಗೊಬ್ಬರಂತೆ ಇಬ್ಬರು, ಬಾಗಿಲ ಸಂದಿಯಿಂದ ಕೇಳಿಸುತ್ತಿದೆ, ಅಮ್ಮ ಒಳಗಿದ್ದಾಳೆ, ಇಗೋ ಬಂದ್ಲು, ಇಗೋ ಬಂದ್ಲು, ಒಂದೂವರೆ ತಿಂಗಳು ಎತ್ತುವ ಹಾಗಿಲ್ಲ ಎಂದರೆ ಇವರು ಏನು ಮಾಡಿಯಾರು, ಕಾಲಿಗೆ ಜೋತುಬಿದ್ದಾರು, ನಾನಿಲ್ವಾ ಅಂದಿದ್ದಳು ಅತ್ತೆ ರಾತ್ರಿ ಪಾತ್ರೆ ಒರೆಸುತ್ತ, ನೀನು ಯಾವುದು ಬೇಕಾದ್ರೂ ಮಾಡಿಸ್ಕೋ, ಮಾಡಿಸ್ಕೋಬೇಡ, ನಿನ್ನ ಮಗ್ಗುಲಲ್ಲಿ ಮಲಗಿಸ್ತೀನಿ, ಎತ್ತೋದು ನನ್ನ ಕೆಲಸ, ಅಷ್ಟು ಹೇಳಿ ಮಾತು ಮುಗಿಸಿದಳು. ಗಂಡ ಮೂಲೆಯಲ್ಲಿ ಬೂಟು ಒರೆಸುತ್ತಿದ್ದವನು ತಲೆ ಎತ್ತಿ, ನಿನಗೆ ಬೆನ್ನು ನೆಟ್ಟಗಾದರೆ ಸಾಕು, ಅಳತೆ ಯಾರಿಗೆ ಬೇಕು, ಎಂದ, ಅವನೂ ಇಷ್ಟೇ ಮಾತಾಡುವವನು, ಆದರೆ ಹೇಳಬೇಕಾದ್ದನ್ನು ಹೇಳಿದ.

ಹೊಕ್ಕುಳೇನಾಗುತ್ತೆ ಎಂದು ಕೇಳಿದ್ದಳು ಡಾಕ್ಟರನ್ನು, ನಾಚಿಕೆಯಿಂದಲೇ, ಚರ್ಮ ಕೆಳಗೆ ಎಳೆದರೆ ಅದೂ ಜಾರಿ ಹೋಗುವುದಿಲ್ಲವೇ, ಡಾಕ್ಟರು ಪೆನ್ನು ಮುಚ್ಚಿ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು, ಇಲ್ಲ, ಹೊಕ್ಕುಳು ಬೇರು ಬಿಟ್ಟಲ್ಲೇ ಇರುತ್ತೆ, ಸುತ್ತ ಬಿಡಿಸ್ಕೊಂಡು, ಮೇಲಿನ ಚರ್ಮ ಇಳಿಸಿ, ಅದು ಇರೋ ಕಡೆಗೇ ಹೊಸದಾಗಿ ಒಂದು ಸಣ್ಣ ಕಂಡಿ ಮಾಡಿ ಹೊರಗೆ ತರ್ತೀವಿ, ಸುತ್ತ ಹೊಲಿಗೆ — ಕಾಜ, ಅಂದಳು ಅವಳು, ಏನಂದ್ರಿ, ಗುಂಡಿ ತೂರಿಸೋ ಕಾಜ, ಡಾಕ್ಟರು ನಕ್ಕು ಹೌದೌದು ಅದೇ ಅಂದರು. ಅವ್ವ ಕಾಜ ಹೊಲಿಯುತ್ತಿದ್ದಳು, ಮೆಷಿನ್ ಬರುವ ಮೊದಲು, ಕಿಟಕಿಯ ಬೆಳಕಿಗೆ ಕೂತು, ಬಟ್ಟೆ ಸೀಳಿ, ಸೀಳಿದ ಅಂಚಿಗೆ ಸುತ್ತಲೂ ಒತ್ತೊತ್ತಾಗಿ ದಾರ, ಬೆರಳ ತುದಿ ಗಡಸಾಗಿ ಕೆನ್ನೆ ಮುಟ್ಟಿದರೆ ಪರಪರ ಅನ್ನುತ್ತಿತ್ತು, ಅದೇ ಬೆರಳನ್ನು ಎಣ್ಣೆಯಲ್ಲಿ ಅದ್ದಿ ಇವಳ ಹೊಕ್ಕುಳೊಳಗೆ ತಿರುಗಿಸುತ್ತಿದ್ದಳು, ಚಿಕ್ಕವಳಿದ್ದಾಗ, ಹೊಟ್ಟೆನೋವು ಅಂದರೆ, ಇಲ್ಲಿಂದಾನೇ ಕಣೇ ನಿನಗೆ ಊಟ ಹಾಕ್ತಿದ್ದೆ ಒಳಗಿದ್ದಾಗ, ಮರೆತುಬಿಟ್ಯಾ, ಅವ್ವ ಹೋಗಿ ಬಹಳ ದಿನವಾಯಿತು, ಅವಳ ಫೋಟೊ ಕೂಡ ಸರಿಯಾದದ್ದೊಂದಿಲ್ಲ, ಇದೊಂದು ಉಳಿದಿದೆ, ಮೈಯ ನಡುವೆ, ಅವ್ವನ ಕಡೆಯ ಗಂಟು, ಇದೇ ಬೇಡವೆಂದು ತೇಪೆ ಅಂಟಿಸಿದ್ದರು ಅವರು, ಅವಳೂ ಸುಮ್ಮನೆ ನಿಂತಿದ್ದಳು, ಉಸಿರು ಸಣ್ಣಗೆ ಬಿಡುತ್ತ.

ಬಾಗಿಲು ತೆರೆಯಿತು, ಡಾಕ್ಟರಲ್ಲ, ನರ್ಸಮ್ಮ, ಕೈಯಲ್ಲಿ ಹಸಿರು ನಿಲುವಂಗಿ, ಲೈಪೊಸಕ್ಷನ್ ಅಂತ ನಿಮ್ಮ ಕಂಪನಿಯವರು ಬುಕ್ ಮಾಡಿದ್ದಾರೆ, ಇದನ್ನ ಹಾಕ್ಕೊಂಡು ನೋಡಿ, ಅಳತೆ ಸರಿಯಿದ್ಯಾ — ಅಳತೆ, ಇಲ್ಲೂ ಅದೇ ಮಾತು, ಅವಳು ತೊಟ್ಟುಕೊಂಡಳು, ಅಭ್ಯಾಸ ಬಿಡುವುದಿಲ್ಲ, ಕೈ ಎತ್ತಿದಳು, ಬಗ್ಗಿದಳು, ಕಂಕುಳಲ್ಲಿ ಹಿಡಿಯುತ್ತೆ ಇದು, ಅಂದಳು, ನರ್ಸಮ್ಮ ಬಾಯಿ ಮುಚ್ಚಿಕೊಂಡು ನಕ್ಕಳು, ಅಯ್ಯೋ, ಎಲ್ಲರಿಗೂ ಹಿಡಿಯುತ್ತೆ, ಹೇಳಿದವರು ನೀವೊಬ್ಬರೇ. ಎಲ್ಲರಿಗೂ ಹಿಡಿಯುತ್ತೆ. ಚೀಲದಲ್ಲಿ ಫೋನು ಗುರುಗುಟ್ಟಿತು, ಟೇಪು, ಇವನಿಗೆ ಎಲ್ಲಿಂದ ವಾಸನೆ ಬಡಿಯುತ್ತೋ, ಡಾಕ್ಟರೂ ಒಳಗೆ ಬಂದರು, ಮಾತಾಡಿ ಪರವಾಗಿಲ್ಲ ಎಂದು ಕೈಸನ್ನೆ ಮಾಡಿ ಕೈ ತೊಳೆಯುತ್ತ ನಿಂತರು, ನೀರಿನ ಸದ್ದು, ಹೊರಗೆ ಇಗೋ ಬಂದ್ಲು ಇಗೋ ಬಂದ್ಲು, ಕಿವಿಯಲ್ಲಿ ಅವನ ದನಿ, ಏನಮ್ಮ, ಆಯ್ತಾ, ಹೂಂ ಅಂದ್ಯಾ, ಅವಳು ಹೇಳಿದಳು, ಲೈಪೊ ಅಲ್ಲ ಸಾರ್, ದೊಡ್ಡದು ಮಾಡಿಸ್ಕೋತೀನಿ, ಸ್ನಾಯು ಹೊಲಿಯೋದು, ಹರ್ನಿಯಾ ಇರೋದ್ರಿಂದ ಕಾರ್ಮಿಕರ ಆಸ್ಪತ್ರೆಯಲ್ಲೇ ಆಗುತ್ತಂತೆ, ಡಾಕ್ಟರು ಬರೆದುಕೊಡ್ತಾರೆ, ಒಂದೂವರೆ ತಿಂಗಳು ರಜಾ ಬೇಕು. ಅವನ ದನಿಯ ಬೆಣ್ಣೆ ಕರಗಿಹೋಯಿತು, ಖರೀದಿದಾರರು ಬರೋದು ಮುಂದಿನ ತಿಂಗಳು, ನಿನ್ನ ಬೆನ್ನು ಕಟ್ಕೊಂಡು ಕಂಪನಿಗೇನಾಗಬೇಕು, ಆಮೇಲೆ ಬಂದ್ರೆ ನೂಲು ಕತ್ತರಿಸೋ ಜಾಗ ಕೂಡ ಇರುತ್ತೆ ಅಂತ ನಾನು ಹೇಳಲ್ಲ, ಸುಮ್ನೆ ಲೈಪೊ ಮಾಡಿಸ್ಕೊಂಡು ಬಂದು ಗೊಂಬೆ ಪಕ್ಕ ನಿಂತ್ಕೋ. ಗೊಂಬೆ ಪಕ್ಕ. ಟ್ಯೂಬ್‌ಲೈಟ್ ಕೆಳಗೆ ಅದು ಈಗಲೂ ನಿಂತಿರುತ್ತದೆ, ತಲೆಯಿಲ್ಲದೆ, ಅವಳ ಎದೆ ಅವಳ ಸೊಂಟ, ಅವಳು ಪಕ್ಕದಲ್ಲಿ, ಟೇಪು ಇಬ್ಬರನ್ನೂ ಸುತ್ತಿ ಅಳೆಯುತ್ತಾನೆ, ಎಡಕ್ಕೆ ಒಂದು ಹೊಟ್ಟೆ, ಬಲಕ್ಕೆ ಒಂದು ಹೊಟ್ಟೆ, ಯಾರನ್ನೂ ಹೆರದ, ಯಾರೂ ಹೆರದ ಹೊಟ್ಟೆ, ನುಣ್ಣಗೆ, ನಡುವೆ ಏನೂ ಇಲ್ಲ — ನಿಲುವಂಗಿಯೊಳಗೆ ಕೈ ಹೋಯಿತು, ಬೆರಳು ಅವ್ವನ ಗಂಟಿನ ಮೇಲೆ ನಿಂತಿತು, ಬೆಚ್ಚಗಿತ್ತು.

ಅಂಗಿ ಹಿಡಿದರೆ ಹಿಡಿಯುತ್ತೆ ಅಂತ ಹೇಳೋದು ನನ್ನ ಕೆಲಸ ಸಾರ್, ಅಂದಳು ಅವಳು, ಇದು ಹಿಡಿಯುತ್ತೆ.

ಅಂದ್ರೆ?

ಲೈಪೊ ಮಾಡಿಸ್ಕೊಳ್ಳಲ್ಲ. ಗೊಂಬೆ ಪಕ್ಕ ನಿಲ್ಲಲ್ಲ.

ಆ ಕಡೆ ಅವನು ಏನೋ ಹೇಳುತ್ತಿದ್ದ, ಕೇಳಿಸಲಿಲ್ಲ, ಕಣ್ಣ ಮುಂದೆ ಆ ಗೊಂಬೆಯ ಹೊಟ್ಟೆ, ತೊಳೆದಿಟ್ಟ ತಟ್ಟೆಯ ಹಾಗೆ, ನುಣ್ಣಗೆ, ನಡುವೆ ಏನೂ ಇಲ್ಲ, ಏನೂ ಇಲ್ಲ —