ವಂದನಾ ಇಟ್ಟ ಪ್ರಸ್ಥಾನ

"ಬುಕ್ ಮಾಡ್ಲಾ?"

ಶ್ರೀಪಾದ ಮೌಸಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದ. ಊಟದ ಮೇಜಿನ ಮೇಲೆ ಶನಿವಾರದ ದೋಸೆಯ ತಟ್ಟೆಗಳು ಹಾಗೇ ಇದ್ದವು. ಲ್ಯಾಪ್‌ಟಾಪಿನಲ್ಲಿ ವೆಲ್ಲಿಂಗ್ಟನ್‌ನಿಂದ ಪ್ಯಾರಿಸ್‌ಗೆ ಮೂರು ಸೀಟು ಒಂದರ ಪಕ್ಕ ಒಂದು ಕಾಯುತ್ತಿದ್ದವು. ಮೇಜಿನ ಆಚೆ ಬದಿಯಲ್ಲಿ ಮಗಳು ಸ್ಮೃತಿ ಫೋನಿನಲ್ಲಿ ಫ್ರೆಂಚ್ ವಾಕ್ಯಗಳನ್ನು ಪಿಸುಗುಟ್ಟುತ್ತಾ, ಆಗಾಗ ಅಮ್ಮನತ್ತ ಕಣ್ಣು ಹಾಯಿಸುತ್ತಿದ್ದಳು.

"ಯಾವತ್ತು ಹೊರಡೋದು ಅದು?" ಎಂದಳು ಪ್ರಭಾ.

"ಸೆಪ್ಟೆಂಬರ್ ರಜೆ ಶುರುವಾದ ಭಾನುವಾರ."

"ಅವತ್ತು ಮಹಾಲಯ ಅಮಾವಾಸ್ಯೆ."

"ಮಮ್ ವಿಲ್ ಬೇಲ್ ಅಗೇನ್" ಎಂದಳು ಸ್ಮೃತಿ, ತಲೆಯೆತ್ತದೆ. "ಕೊನೇ ಗಳಿಗೇಲಿ ಬರಲ್ಲ ಅಂತಾಳೆ. ಫಿಜಿ ಥರಾನೇ. ಮೆಲ್ಬರ್ನ್ ಥರಾನೇ."

ಶ್ರೀಪಾದ ನಕ್ಕ. "ಅಮಾವಾಸ್ಯೆ ಆದ್ರೆ ಏನೀಗ? ನಿಮ್ಮಮ್ಮ ಮಾಡ್ತಿದ್ರಲ್ಲ, ಹಾಗೆ ಪ್ರಸ್ಥಾನ ಇಟ್ಟರಾಯ್ತು. ಒಳ್ಳೇ ದಿನ ನೋಡಿ ಒಂದು ಗಂಟು ಕಟ್ಟಿ ಯಾರ ಮನೇಲಾದ್ರೂ ಇಡು. ಅವತ್ತೇ ಹೊರಟ ಲೆಕ್ಕ. ಆಮೇಲೆ ಅಮಾವಾಸ್ಯೆ ದಿನ ಹೋಗ್ತಾ ದಾರೀಲಿ ಎತ್ಕೊಂಡು ಹೋದ್ರೆ ಮುಗೀತು."

ಪ್ರಭಾ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಅವನು ಬೇಕೆಂದು ಅಂದ ಮಾತಲ್ಲ, ಅವನಿಗೆ ಗೊತ್ತಿರಲಿಲ್ಲ.

"ನಾಳೆ ಸಾಯಂಕಾಲದವರೆಗೆ ಟೈಮ್ ಕೊಡಿ" ಎಂದಳು. ಸ್ಮೃತಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದಳು. ಅವಳ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ಮೇಲಿನ ಹಜಾರದಲ್ಲಿ ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿತ್ತು. ಅದರ ಕಾವಿಗೆಂದೇ ಎಲ್ಲರೂ ಇಲ್ಲಿ ಒಗೆದ ಹೊದಿಕೆ, ಟವೆಲುಗಳನ್ನು ಅಂಥ ಕಪಾಟಿನೊಳಗೆ ಮಡಿಸಿಡುತ್ತಾರೆ. ಪ್ರಭಾ ಅತಿಥಿಗಳ ಹೊದಿಕೆಗಳ ಹಿಂದೆ ಕೈ ಹಾಕಿದಳು. ಹಳದಿ ಬಟ್ಟೆಯ ಚೀಲ ಅಲ್ಲೇ ಇತ್ತು. ಮುಟ್ಟಿದಾಗಲೆಲ್ಲ ಅದು ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಮಡಿಲಿಂದ ಕೆಳಗಿಟ್ಟಂತೆ. ಕಾವು ಸಿಲಿಂಡರಿನದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಕೈ ಹಿಂದೆಗೆಯುತ್ತಿದ್ದಳು.

ವಂದನಾ ಇದನ್ನು ತಂದುಕೊಟ್ಟದ್ದು ಒಂದು ಶುಕ್ರವಾರ, ಮೂರು ವರ್ಷದ ಹಿಂದೆ. ವೆಲ್ಲಿಂಗ್ಟನ್ ಅಂಚಿನ ಇದೇ ಜಾನ್ಸನ್‌ವಿಲ್‌ನಲ್ಲಿ, ಇದೇ ಏರು ರಸ್ತೆಯ ಮೇಲ್ತುದಿಯ ಮನೆಯವಳು. ಮೈಸೂರಿನವಳು, ಭೂಕಂಪಕ್ಕೆ ಕಟ್ಟಡಗಳು ತಡೆದಾವೇ ಎಂದು ಲೆಕ್ಕ ಹಾಕುವ ಎಂಜಿನಿಯರ್. ಅವಳೂ ಗಂಡ ಉದಯಶಂಕರ್ ಇಬ್ಬರೂ ಮೊದಲ ಸಲ ಪ್ಯಾರಿಸ್‌ಗೆ ಹೊರಟಿದ್ದರು. "ನಂಗೇನೂ ಇದರಲ್ಲಿ ನಂಬಿಕೆ ಇಲ್ಲ ಕಣೇ" ಎಂದು ಬಾಗಿಲಲ್ಲೇ ನಿಂತು ನಕ್ಕಿದ್ದಳು. "ಮಂಗಳವಾರದ ಫ್ಲೈಟು ಅಂದ್ರೆ ಅಮ್ಮ ಫೋನಲ್ಲೇ ಅಳ್ತಿದಾಳೆ. ಅವಳ ಸಮಾಧಾನಕ್ಕೆ. ಏರ್‌ಪೋರ್ಟಿಗೆ ಹೋಗ್ತಾ ಎತ್ಕೊಂಡು ಹೋಗ್ತೀನಿ. ಬಿಚ್ಚಿ ನೋಡ್ಬೇಡ್ವೆ ಮತ್ತೆ!"

ಸೋಮವಾರ ಆಫೀಸಿನ ಮೆಟ್ಟಿಲಲ್ಲಿ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಮಂಗಳವಾರ ವಿಮಾನ ಹಾರುವ ಹೊತ್ತಿಗೆ ಅವಳಿರಲಿಲ್ಲ.

ಮೊದಲ ಹದಿನೈದು ದಿನ ಉದಯಶಂಕರ್ ಮುಂದೆ ಚೀಲದ ಮಾತೆತ್ತಲು ಬಾಯಿ ಬರಲಿಲ್ಲ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾರು ಎಂಬ ಅಂಜಿಕೆ. ಹಾಗೇ ಉಳಿಯಿತು. ಆದರೆ ಉಳಿದದ್ದು ಚೀಲ ಒಂದೇ ಅಲ್ಲ. ಮನೆಯಲ್ಲಿ ಯಾರೋ ಹೊರಟು ನಿಂತಿದ್ದಾರೆ, ಇನ್ನೇನು ಬಂದು ಕೇಳುತ್ತಾರೆ ಎಂಬ ಭಾವ ಅವಳನ್ನು ಬಿಡಲಿಲ್ಲ. ಪಾತ್ರೆ ತೊಳೆಯುವಾಗ, ಸ್ಮೃತಿಯ ಯೂನಿಫಾರ್ಮ್ ಮಡಿಸುವಾಗ, ಸುಮ್ಮನೆ ತಿರುಗಿ ನೋಡುತ್ತಿದ್ದಳು. ಫಿಜಿಗೆ ಸೂಟ್‌ಕೇಸ್ ತೆಗೆದ ದಿನ ಆ ಕಪಾಟಿನ ಮುಂದೆ ಹಾದುಹೋಗಲು ಆಗದೆ ಜ್ವರದ ನೆಪ ಹೇಳಿ ಮಲಗಿಬಿಟ್ಟಿದ್ದಳು.

ಮಧ್ಯಾಹ್ನ ಮೈಸೂರಿಗೆ ಫೋನ್ ಮಾಡಿದಳು. ಅಲ್ಲಿ ಅಮ್ಮ ಇಂದಿರಾ ಆಗಷ್ಟೇ ಕಾಫಿ ಕುಡಿಯುತ್ತಿದ್ದರು.

"ಅಮ್ಮ, ಪ್ರಸ್ಥಾನ ಇಟ್ಟೋರು ಹೊರಡದೇ ಹೋದ್ರೆ ಏನು ಮಾಡ್ಬೇಕು?"

"ಹೊರಡದೇ ಹೆಂಗಿರ್ತಾರೆ? ಇಟ್ಟ ಮೇಲೆ ಹೊರಟ ಹಾಗೇನೇ."

"ಅವರಿಗೆ ವಾಪಸ್ ಕೊಟ್ರೆ?"

"ಕೊಡು, ಅದಕ್ಕೇನು. ಆದ್ರೆ ಹೊರಟ ಮನೆಯೊಳಕ್ಕೆ ಮಾತ್ರ ತಿರುಗಿ ಒಯ್ಯಬಾರದು. ಹೊಸಿಲು ದಾಟಿದ್ದು ದಾಟಿತು." ಅಮ್ಮ ಒಂದು ಗುಟುಕು ಕಾಫಿ ಹೀರಿದ್ದು ಕೇಳಿಸಿತು. "ಯಾರದೇ ಅದು? ನಮ್ಮ ಕಡೆ ಯಾರೂ ಹಾಗೆ ಅರ್ಧದಲ್ಲಿ ಬಿಟ್ಟಿದ್ದು ನಾನು ಕಾಣೆನಮ್ಮ."

"ಯಾರೋ ಫ್ರೆಂಡು" ಎಂದಳು ಪ್ರಭಾ.

ಭಾನುವಾರ ದಕ್ಷಿಣದ ಚಳಿಗಾಳಿ ಎದ್ದಿತ್ತು. ಪ್ರಭಾ ಚೀಲವನ್ನು ಜಾಕೆಟ್ಟಿನೊಳಗೆ ಎದೆಗೊತ್ತಿಕೊಂಡು ರಸ್ತೆ ಹತ್ತಿದಳು. ಉದಯಶಂಕರ್ ತೆರೆದ ಗ್ಯಾರೇಜಿನಲ್ಲಿ ಹಗ್ಗ ಕಟ್ಟಿ ಒಗೆದ ಬಟ್ಟೆ ಹರವುತ್ತಿದ್ದರು. ಒಬ್ಬರ ಬಟ್ಟೆ, ಹಗ್ಗದ ಅರ್ಧಕ್ಕೇ ಮುಗಿದಿತ್ತು.

"ಏನ್ರೀ ಪ್ರಭಾ, ಈ ಗಾಳೀಲಿ! ಒಳಗೆ ಬನ್ನಿ, ಟೀ ಇಡ್ತೀನಿ."

"ಇಲ್ಲ ಉದಯ್, ನೀವೇ ಒಂಚೂರು ಈಚೆ ಬನ್ನಿ."

ಅವಳು ಗೇಟಿನಾಚೆ, ಲೆಟರ್‌ಬಾಕ್ಸಿನ ಪಕ್ಕದಲ್ಲೇ ನಿಂತಿದ್ದಳು. ಅವರು ಮನೆಯ ಚಪ್ಪಲಿಯಲ್ಲೇ ಬಂದರು. ಚೀಲ ಹೊರತೆಗೆದಾಗ ಕಣ್ಣು ಅದರ ಮೇಲೆ ನಿಂತಿತು.

"ತಂದುಬಿಟ್ರಾ" ಎಂದರು.

"ನಿಮಗೆ ಗೊತ್ತಿತ್ತಾ?"

"ಚೀಲ ಹುಡುಕಿಕೊಟ್ಟಿದ್ದೇ ನಾನು. ನಮ್ಮ ಮದುವೇಲಿ ತಾಂಬೂಲಕ್ಕೆ ಅಂತ ಹೊಲಿಸಿದ್ದು, ಒಂದು ಉಳಿದಿತ್ತು."

"ಮತ್ತೆ ಇಷ್ಟು ದಿನ ಒಂದು ಮಾತೂ ಕೇಳಲಿಲ್ಲವಲ್ಲ!"

"ಕೇಳಿದ್ರೆ ಕೊಟ್ಟುಬಿಡ್ತಿದ್ರಿ." ಅವರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಸಾಯಂಕಾಲ ಟ್ರೈನ್ ಇಳಿದು ಬರ್ತಾ ನಿಮ್ಮನೆ ಮುಂದೆ ಒಂದು ನಿಮಿಷ ನಿಲ್ತೀನಿ, ನೋಡಿದೀರೋ ಇಲ್ವೋ. ಹೊರಟಿದಾಳೆ, ಇನ್ನೂ ಹೋಗಿಲ್ಲ, ಇಲ್ಲೇ ಇದಾಳೆ. ಅಷ್ಟು ಅಂದ್ಕೊಂಡ್ರೆ ಮೇಲೆ ಬಂದು ಈ ಬಾಗಿಲು ತೆಗೆಯೋಕೆ ಆಗುತ್ತೆ."

ಪ್ರಭಾ ನೋಡಿದ್ದಳು. ಏರಿಗೆ ದಣಿದು ನಿಲ್ಲುತ್ತಾರೆ, ಪಾಪ, ವಯಸ್ಸಾಗುತ್ತಿದೆ ಎಂದುಕೊಂಡಿದ್ದಳು. ಈಗ ಚೀಲ ಹಿಡಿದ ಕೈಗೆ ಏನು ಮಾಡುವುದೆಂದು ತಿಳಿಯಲಿಲ್ಲ. ತಿರುಗಿ ಹೋಗಿಬಿಡಬಹುದಿತ್ತು. ಮೇಜಿನಾಚೆ ಕೂತು ತಲೆಯೆತ್ತದೆ ಮಾತಾಡಿದ ಮಗಳ ಮುಖ ನೆನಪಾಯಿತು.

"ಸ್ಮೃತಿಗೆ ಪ್ಯಾರಿಸ್ ತೋರಿಸ್ತೀನಿ ಅಂದಿದೀನಿ ಉದಯ್. ಅವಳು ಈಗ ನಾನು ಹೇಳೋದನ್ನ ನಂಬೋದೇ ಬಿಟ್ಟಿದಾಳೆ. ಆದ್ರೆ ವಂದನಾ ನಮ್ಮನೇಲಿ ಹೊರಟು ನಿಂತಿರೋವಾಗ, ಅವಳ ಮುಂದೇನೇ ಹಾದು, ಅವಳು ಹೋಗ್ಬೇಕಾಗಿದ್ದ ಊರಿಗೇ ನಾನು ಹೆಂಗೆ ಹೋಗ್ಲಿ ಹೇಳಿ? ಆಗಲ್ಲ ನನ್ನ ಕೈಲಿ."

ಕೆಳಗಿನ ಯಾರದೋ ಅಂಗಳದಲ್ಲಿ ಕಸದ ಡಬ್ಬಿ ಉರುಳಿಬಿದ್ದು ಗಾಳಿಗೆ ಕೊರಕೊರ ಎನ್ನುತ್ತಿತ್ತು. ಕೊನೆಗೆ ಉದಯಶಂಕರ್ ಕೈ ಚಾಚಿ ಚೀಲ ತೆಗೆದುಕೊಂಡರು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಸಡಿಲಿಸಬೇಕಾಯಿತು.

ಒಂದು ಹಿಡಿ ಅಕ್ಕಿ, ಒಂದು ಅರಿಶಿನದ ಕೊಂಬು. ಗಿಳಿಹಸಿರಿನ ರವಿಕೆ ಖಣ. ಅದರೊಳಗೆ ಸುತ್ತಿಟ್ಟ ಇನ್ನೊಂದು ಬಟ್ಟೆ, ನೀಲಿ ಚೌಕಳಿಯ ಅರ್ಧ ತೋಳಿನ ಶರ್ಟು.

"ಇದು ನಂದು" ಎಂದರು ಉದಯಶಂಕರ್. ಸ್ವರ ಇದ್ದಕ್ಕಿದ್ದಂತೆ ಚಿಕ್ಕದಾಯಿತು. "ಎಷ್ಟು ಹುಡುಕಿದೀನಿ ಇದನ್ನ! ಅವಳು ಅವಳದ್ದು ಮಾತ್ರ ಇಟ್ಟಿರ್ತಾಳೆ ಅಂತ ನಾನು..."

"ಇಬ್ಬರೂ ಹೊರಟಿದ್ರಲ್ಲ" ಎಂದಳು ಪ್ರಭಾ.

ಅವರು ಶರ್ಟನ್ನು ಕೆನ್ನೆಗೊತ್ತಿಕೊಂಡರು. "ಬೆಚ್ಚಗಿದೆ ಕಣ್ರೀ."

ಕಪಾಟಿನ ಸಂಗತಿ ಹೇಳಲು ಪ್ರಭಾ ಬಾಯಿ ತೆರೆದಳು. ಹೇಳಲಿಲ್ಲ.

ಅವರು ತಿರುಗಿ ತಮ್ಮ ಮನೆಯನ್ನು ನೋಡಿದರು, ಬಾಡಿಗೆಗೆ ನೋಡಲು ಬಂದವರ ಹಾಗೆ. "ಇದನ್ನ ಒಳಗೆ ತಗೊಂಡು ಹೋಗೋ ಹಾಗಿಲ್ಲ ಅಲ್ವಾ?"

"ಹಾಗಂತಾರೆ."

"ಹಂಗಾದ್ರೆ ನಾನೂ ಅವತ್ತೇ ಹೊರಟಿದ್ದೆ, ಇಷ್ಟು ದಿನ ಒಳಗೆ ಇರ್ಲಿಲ್ಲ ಅನ್ನಿ." ನಗಲು ಹೋದರು, ಆಗಲಿಲ್ಲ. ಖಣವನ್ನೂ ಅಕ್ಕಿಯನ್ನೂ ಚೀಲಕ್ಕೆ ಹಾಕಿ ಅವಳ ಕೈಗಿತ್ತರು. ಶರ್ಟನ್ನು ಸ್ವೆಟರಿನ ಮೇಲೆಯೇ ತೊಟ್ಟರು. ಮೇಲಿನ ಗುಂಡಿ ಹತ್ತಲಿಲ್ಲ. "ಬಾಗಿಲು ತೆಗೆದೇ ಇದೆ. ಒಂಚೂರು ನೋಡ್ಕೊಳಿ."

"ಎಲ್ಲಿಗೆ ಹೋಗ್ತಿದೀರಿ?"

"ಒಂದು ಟ್ರೈನ್ ಆದ್ರೂ ಹತ್ತಿ ಬರ್ತೀನಿ."

ಮನೆಯ ಚಪ್ಪಲಿಯಲ್ಲೇ ರಸ್ತೆ ಇಳಿದರು. ಪ್ರಭಾಳ ಮನೆಯ ಮುಂದೆ ಬಂದಾಗ ನಡಿಗೆ ನಿಧಾನವಾಯಿತು. ನಿಲ್ಲಲಿಲ್ಲ. ತಿರುವಿನಲ್ಲಿ ಚೌಕಳಿ ಶರ್ಟಿನ ಬೆನ್ನು ಗಾಳಿ ತುಂಬಿ ಒಮ್ಮೆ ಉಬ್ಬಿತು, ಮರೆಯಾಯಿತು.

ಪ್ರಭಾ ಅವರ ಮನೆಯ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಖಣ ಹೊರತೆಗೆದು ತೊಡೆಯ ಮೇಲೆ ಹರಡಿದಳು. ಅದರ ಕಾವು ಕೈ ಕೆಳಗೇ ಆರುತ್ತಾ ಬಂತು. ಮಡಿಕೆಯ ನಡುವೆ ಸ್ವಲ್ಪ ಹೊತ್ತು ಉಳಿದಿದ್ದು ಅದೂ ಹೋಯಿತು. ಈಗ ಅದು ಬರೀ ಬಟ್ಟೆಯಂತಿತ್ತು, ತಣ್ಣಗೆ, ಹಗುರಾಗಿ.

ಸ್ಮೃತಿ ಏದುಸಿರು ಬಿಡುತ್ತಾ ಗೇಟಿನ ಬಳಿ ಬಂದಳು. "ಮಮ್, ಇಲ್ಲೇನು ಮಾಡ್ತಿದೀಯ? ಡ್ಯಾಡ್ ಫೋನ್ ಮಾಡ್ತಾನೇ ಇದಾರೆ. ಉದಯ್ ಅಂಕಲ್ ಎಲ್ಲಿಗೆ ಹೋದ್ರು? ಹೌಸ್ ಸ್ಲಿಪರ್ಸ್‌ನಲ್ಲಿ ಹೋಗ್ತಿದ್ರು, ನನ್ನ ನೋಡ್ಲೇ ಇಲ್ಲ."

"ಹೊರಟರು" ಎಂದಳು ಪ್ರಭಾ. "ಅಪ್ಪಂಗೆ ಹೇಳು, ಆ ಭಾನುವಾರದ ಟಿಕೆಟ್ಟೇ ತಗೊಳ್ಳಲಿ."

"ಸೀರಿಯಸ್ಲಿ? ನೋ ಬೇಲಿಂಗ್?"

"ಹೇಳು ಹೋಗು."

ಸ್ಮೃತಿ ಅಮ್ಮನ ಮುಖವನ್ನು ಒಂದು ಕ್ಷಣ ಪರೀಕ್ಷಿಸಿದಳು. ಆಮೇಲೆ ಫೋನ್ ಕಿವಿಗಿಟ್ಟುಕೊಂಡು, ಇನ್ನೊಂದು ಕಿವಿಯನ್ನು ಗಾಳಿಗೆ ಮುಚ್ಚಿಕೊಂಡು ರಸ್ತೆಯತ್ತ ನಡೆದಳು.

ಪ್ರಭಾಳ ಬೆನ್ನ ಹಿಂದೆ ಮನೆ ತೆರೆದುಕೊಂಡೇ ಇತ್ತು. ಒಳಗೆ, ಎಲ್ಲೋ ಹಿಂದಿನ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಸ್ವಲ್ಪ ತಡೆದು ಬಚ್ಚಲಿನದು. ಆಮೇಲೆ ಅಡುಗೆಮನೆಯದು, ಇನ್ನೂ ಹತ್ತಿರದಲ್ಲಿ, ಊರಿಗೆ ಹೊರಟವರು ಒಂದೊಂದೇ ಬಾಗಿಲು ಹಾಕಿಕೊಂಡು ಬರುವಂತೆ.

ಪ್ರಭಾ ಹಿಂದಿರುಗಿ ನೋಡಲಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಕೂತಳು.