ಹಗ್ಗವಿಲ್ಲದ ದಂಡೆಯ ಫೋಟೊ

೧

ಮೊದಲ ವಾಕ್ಯದಲ್ಲಿ ಸಮುದ್ರ ಇರಬೇಕೋ ಸೌಸನ್ ಇರಬೇಕೋ, ಇನ್ನೂ ತೀರ್ಮಾನವಾಗಿಲ್ಲ. ಸಮುದ್ರದಿಂದ ಶುರು ಮಾಡಿದರೆ ನೀವು ಇದನ್ನು ಪ್ರವಾಸ ಲೇಖನ ಅಂದುಕೊಂಡು ಹಾಳೆ ತಿರುವುತ್ತೀರಿ. ಮೊದಲ ಡ್ರಾಫ್ಟ್ ಹೀಗಿತ್ತು: "ಮೃತ ಸಮುದ್ರದ ಮೇಲೆ ಬಂಗಾರದ ಬೆಳಕು ಚೆಲ್ಲಿತ್ತು." ಹರಿದು ಹಾಕಿದೆ. ಬಂಗಾರದ ಬೆಳಕಿಗೆ ಹೋಟೆಲಿನವರು ಆಗಲೇ ಆರ್ಡರ್ ಕೊಟ್ಟಿದ್ದಾರೆ, ಅದನ್ನು ನಾನೂ ಮಾರಬೇಕಾಗಿಲ್ಲ.

ನೇರ ವಿಷಯಕ್ಕೆ ಬರುತ್ತೇನೆ. ಸೌಸನ್ ಗರ್ಬಿ ಟುನೀಶಿಯಾದ ಸ್ಫಾಕ್ಸ್ ಊರಿನವಳು. ಹನ್ನೊಂದು ವರ್ಷದಿಂದ ದೇಶ ದೇಶ ತಿರುಗಿ ಹೋಟೆಲುಗಳ ಫೋಟೊ ತೆಗೆಯುತ್ತಾಳೆ. ಮಸ್ಕತ್, ಅಗಾದಿರ್, ಅಕಾಬಾ. ಹೋದ ಭಾನುವಾರ ಮೃತ ಸಮುದ್ರದ ಜೋರ್ಡಾನ್ ಕಡೆಯ ದಂಡೆಯ ಒಂದು ಹೋಟೆಲಿನಲ್ಲಿ ಅವಳು ಒಂದು ಹಗ್ಗ ಬಿಚ್ಚಿಸಿದಳು.

ಕಥೆ ಇಷ್ಟೇ. ಸಿಟ್ಟು ಇನ್ನೂ ಇದೆ.

೨

ಅವಳ ಕಸುಬಿನಲ್ಲಿ ಅರ್ಧ ಕೆಲಸ ತೆಗೆದು ಹಾಕುವುದು. ಕಸದ ಬುಟ್ಟಿ, ಟೀವಿಯ ವೈರು, ಬೆಂಕಿ ಆರಿಸುವ ಸಿಲಿಂಡರು, "ನೆಲ ಒದ್ದೆಯಿದೆ" ಬೋರ್ಡು, ಎಲ್ಲ ಫ್ರೇಮಿನಿಂದ ಆಚೆ. ಕ್ಲಿಕ್ಕಾದ ಮೇಲೆ ಅವನ್ನು ವಾಪಸ್ ಇಡುವುದು ಹೋಟೆಲಿನವರ ಪಾಡು. ಇಟ್ಟರೋ ಇಲ್ಲವೋ ಎಂದು ಸೌಸನ್ ಒಮ್ಮೆಯೂ ತಿರುಗಿ ನೋಡಿದವಳಲ್ಲ.

ಈ ದಂಡೆಯಲ್ಲಿ ನೀರು ವರ್ಷವರ್ಷವೂ ಹಿಂದೆ ಸರಿಯುತ್ತದೆ. ಹೋಟೆಲಿನವರು ಅದರ ಬೆನ್ನು ಹತ್ತಿ ಮೆಟ್ಟಿಲು ಕಟ್ಟಿಸುತ್ತಲೇ ಇರುತ್ತಾರೆ. ನೀರು ಬಿಟ್ಟುಹೋದ ನೆಲದಡಿ ಉಪ್ಪು ಕರಗಿ ಪೊಳ್ಳಾಗುತ್ತದೆ. ಒಂದು ದಿನ, ಸದ್ದಿಲ್ಲದೆ, ಕುಸಿಯುತ್ತದೆ. ತೆಂಕಣ ಮೂಲೆಯಲ್ಲಿ ಆಗಲೇ ಎರಡು ಗುಂಡಿ ಬಿದ್ದಿದ್ದವು. ಅವನ್ನು ಮುಚ್ಚಿ, ಸುತ್ತ ಹಳದಿ ಹಗ್ಗ ಕಟ್ಟಿ, ಕೆಂಪು ಬೋರ್ಡು ನೆಟ್ಟಿದ್ದರು. ಫೋಟೊಗೆ ಒಳ್ಳೆಯ ಬೆಳಕು ಬೀಳುತ್ತಿದ್ದದ್ದೂ ಅದೇ ಮೂಲೆಗೆ.

"ಮಗಳೇ, ಆ ಹಗ್ಗ ಮುಟ್ಟಬೇಡ," ಅಂದ ಅಬು ಶಾಹಿರ್. ಈಜುವವರನ್ನು ಕಾಯುವ ಕೆಲಸದವನು, ಐವತ್ತು ದಾಟಿದವನು.

"ಐದೇ ನಿಮಿಷ, ಅಬು ಶಾಹಿರ್."

"ಐದು ನಿಮಿಷ ಅಂತ ನೆಲಕ್ಕೆ ಯಾರು ಹೇಳೋರು? ನೀನಾ, ನಾನಾ?"

"ನೀವೇ ಹೇಳಿ. ನಿಮ್ಮೂರಿನ ನೆಲ ತಾನೆ?"

"ನಮ್ಮ ಮಾತು ಕೇಳೋ ನೆಲ ಆಗಿದ್ರೆ ನನ್ನ ತಮ್ಮನ ಟೊಮ್ಯಾಟೊ ಹೊಲ ಇವತ್ತೂ ಮೇಲೇ ಇರ್ತಿತ್ತು."

ಇಬ್ಬರೂ ನಕ್ಕರು. ಅವನು ಗೊಣಗುತ್ತಲೇ ಹಗ್ಗ ಬಿಚ್ಚಿದ, ಬೋರ್ಡು ಕಿತ್ತು ಮಕಾಡೆ ಮಲಗಿಸಿದ. ಫೋಟೊ ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದೇ ಎಡವಟ್ಟಾಯಿತು.

(ಎರಡನೇ ಡ್ರಾಫ್ಟಿನಲ್ಲಿ ಅಬು ಶಾಹಿರ್‌ಗೆ ಹೆಸರಿರಲಿಲ್ಲ. "ಕಾವಲಿನವನೊಬ್ಬ ಏನೋ ಅಂದ" ಎಂದು ಬರೆದಿದ್ದೆ. ವಾಕ್ಯ ಎಷ್ಟು ಕ್ಲೀನಾಗಿತ್ತು ಗೊತ್ತೇ? ನಾನೂ ಸೌಸನ್ ಕಸುಬಿನವನೇ.)

೩

ಬುಧವಾರ ಅವಳು ವಿಡಿಯೊ ತೆಗೆಯಲು ಕೆಳಗಿಳಿದಾಗ ಆ ಮೂಲೆಯಲ್ಲಿ ಆರು ಬಿಳಿ ಛತ್ರಿ ನಿಂತಿದ್ದವು. ಅಡಿಯಲ್ಲಿ ಜನ ಮೈಗೆ ಕೆಸರು ಬಳಿದುಕೊಂಡು ಮಲಗಿದ್ದರು. ಪ್ರಚಾರ ವಿಭಾಗದ ಮ್ಯಾನೇಜರ್ ನಿಝಾರ್ ಮೆಟ್ಟಿಲ ಮೇಲೆ ಫೋನು ಹಿಡಿದು ನಿಂತಿದ್ದ.

"ಹಗ್ಗ ಎಲ್ಲಿ?" ಸೌಸನ್ ಕೇಳಿದಳು.

"ಫೋಟೊದಲ್ಲಿ ಹಗ್ಗ ಇಲ್ಲವಲ್ಲ."

"ಅದಕ್ಕೆ?"

"ಫೋಟೊ ನೋಡಿ ಬುಕ್ ಮಾಡಿದವನು ಇಲ್ಲಿ ಹಗ್ಗ ಕಂಡ್ರೆ ಒಂದೇ ಸ್ಟಾರ್ ಕೊಡ್ತಾನೆ, ಹಬೀಬ್ತಿ. ಜಾಗ ಫೋಟೊ ಥರ ಇರಬೇಕು."

"ಫೋಟೊ ಜಾಗದ ಥರ ಇರಬೇಕು, ನಿಝಾರ್!"

"ಯಾರಪ್ಪ ಹೇಳ್ತಿರೋದು? ದಿಂಬಿನ ಸುಕ್ಕು ಕಾಣಬಾರದು ಅಂತ ಹಾಸಿಗೆ ಮೇಲೇ ಇಸ್ತ್ರಿ ಹಾಕಿಸೋ ಮಹಾತಾಯಿ!"

ಅವಳ ಮುಖ ಕೆಂಪಾಯಿತು. ಅವನು ಹೇಳಿದ್ದು ನಿಜವಾಗಿತ್ತು, ಅದೇ ಇನ್ನಷ್ಟು ಉರಿಸಿತು.

"ಆ ಫೋಟೊ ತೆಗೆದು ಹಾಕು."

"ಒಪ್ಪಂದ ಓದು. ಕ್ಲಿಕ್ಕಾದ ಮೇಲೆ ಅದು ನಮ್ಮದು."

"ನೆಲ ಪರೀಕ್ಷೆ ಮಾಡ್ಸಿದ್ದೀಯಾ?"

"ಇಂಜಿನಿಯರ್ ಬರ್ತಾನೆ."

"ಯಾವಾಗ?"

"ಸೀಸನ್ ಮುಗೀಲಿ."

೪

ಈಗ ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನುತ್ತಿದ್ದೆ, ಆದರೆ ಒಂದೂ ಆರಿಸುವಂತಿಲ್ಲ.

ಒಂದು. ಯಾರೋ ಬೀಳುತ್ತಾರೆ. ನೀವು ಆಗಿನಿಂದ ಕಾಯುತ್ತಿರುವುದು ಇದಕ್ಕೇ ಎಂದು ನನಗೆ ಗೊತ್ತು, ಸುಳ್ಳು ಹೇಳಬೇಡಿ. ಗುಂಡಿಗೆ ಒಬ್ಬ ಮನುಷ್ಯನನ್ನು ಹಾಕದೆ ನಮ್ಮ ಸಿಟ್ಟಿಗೆ ಬೆಲೆ ಬರುವುದಿಲ್ಲ ಅಲ್ಲವೇ? ಥೂ. ನಾನು ಹಾಕುವುದಿಲ್ಲ.

ಎರಡು. ನೆಲ ಗಟ್ಟಿ ನಿಲ್ಲುತ್ತದೆ, ಸೀಸನ್ ಮುಗಿಯುತ್ತದೆ. ಇದನ್ನು ನಿಝಾರನೇ ಬರೆದುಕೊಳ್ಳಲಿ.

ಮೂರು. ಸೌಸನ್ ಕ್ಯಾಮೆರಾ ಮಡಚಿ ಊರಿಗೆ ಹೋಗಿ ಬಂದರಿನ ಮೀನು ಮಾರುವವರ ಪ್ರಾಮಾಣಿಕ ಫೋಟೊ ತೆಗೆಯುತ್ತಾಳೆ. ಇದು ನನಗೆ ಇಷ್ಟವಾಗಿತ್ತು. ಅವಳೇ ಜಗಳಕ್ಕೆ ಬಂದಳು.

"ನನ್ನ ಮನಸ್ಸು ತೊಳೆಯೋಕೆ ನನ್ನನ್ನ ವಿಮಾನ ಹತ್ತಿಸ್ತೀಯಾ? ಛತ್ರಿ ಕೆಳಗಿರೋರನ್ನ ಯಾರು ಎಬ್ಬಿಸ್ತಾರೆ?"

"ನೀನೇ ಎಬ್ಬಿಸು."

"ಎಬ್ಬಿಸಿದೆ. ಒಬ್ಬಳು ಅಜ್ಜಿ ಕನ್ನಡಕ ಏರಿಸಿ ಫೋನ್ ತೋರಿಸಿದ್ಲು. ನನ್ನದೇ ಫೋಟೊ! 'ನೋಡಮ್ಮ, ಇಲ್ಲಿ ಹಗ್ಗಾನೇ ಇಲ್ಲ' ಅಂದು ಮತ್ತೆ ಮಲಗಿದ್ಲು. ನನ್ನ ಮಾತಿಗಿಂತ ನನ್ನ ಫೋಟೊನೇ ನಂಬ್ತಾರೆ, ತಿಳೀತಾ? ಏನಾದ್ರೂ ಬರಿ!"

ನನಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಅಬು ಶಾಹಿರ್‌ಗೆ.

೫

ಅವನು ತನ್ನ ಎತ್ತರದ ಕುರ್ಚಿಯಿಂದ ಇಳಿದ. ಛತ್ರಿಗಳ ಮುಂದೆ, ಬೋರ್ಡು ಇದ್ದ ಜಾಗಕ್ಕೆ ಹೋಗಿ, ಎರಡೂ ಕೈ ಚಾಚಿ ನಿಂತ. ಹೊಸದಾಗಿ ಬರುವವರನ್ನೆಲ್ಲ ಹಿಂದಕ್ಕೆ ಅಟ್ಟತೊಡಗಿದ. ಅಜ್ಜಿ ಎದ್ದು ಕೂತು ಬೈದಳು. ಬೈಯಲಿ, ಅಂತೂ ಮಲಗಿದ್ದವಳು ಎದ್ದಳಲ್ಲ.

"ಅಬು ಶಾಹಿರ್, ಫ್ರೇಮಿನಿಂದ ಆಚೆ ಬಾ! ಶೂಟಿಂಗ್ ನಡೀತಿದೆ!" ನಿಝಾರ್ ಮೇಲಿನಿಂದ ಕೂಗಿದ.

"ನನ್ನನ್ನೂ ಕಿತ್ತು ಮಕಾಡೆ ಮಲಗಿಸು ಬಾ, ಸಾಹೇಬ!"

"ಸೌಸನ್, ಇರಲಿ, ನೀನು ತೆಗಿ. ಆಮೇಲೆ ಅವನನ್ನ ಅಳಿಸಿದ್ರಾಯ್ತು."

ಸೌಸನ್ ಫೋಟೊ ತೆಗೆದಳು. ಚಾಚಿದ ಕೈ, ಬೆವರಿದ ಬನಿಯನ್, ಬೆನ್ನ ಹಿಂದೆ ಆರು ಛತ್ರಿ. ಏನನ್ನೂ ಅಳಿಸದೆ, ಹೋಟೆಲಿನ ಪುಟದಲ್ಲಿ ಅತಿಥಿಗಳು ಅಭಿಪ್ರಾಯ ಬರೆಯುವ ಕಡೆ ತನ್ನ ಹೆಸರು ಹಾಕಿಯೇ ಏರಿಸಿದಳು: "ಈ ಜಾಗದ ಮೊದಲ ಫೋಟೊ ತೆಗೆದವಳು ನಾನು. ಹಗ್ಗ ಬಿಚ್ಚಿಸಿ ತೆಗೆದೆ. ನೆಲ ಪೊಳ್ಳು." ಇಪ್ಪತ್ತು ನಿಮಿಷದಲ್ಲಿ ನಿಝಾರ್ ಅದನ್ನು ತೆಗೆಸಿದ. ಅವಳು ಮತ್ತೆ ಏರಿಸಿದಳು. ಇನ್ನು ಈ ಕಡೆಯ ಯಾವ ಹೋಟೆಲೂ ಅವಳನ್ನು ಕರೆಯುವುದಿಲ್ಲ, ಅದು ಅವಳಿಗೂ ಗೊತ್ತು. ಮತ್ತೆ ತೆಗೆಸಿದ. ಮತ್ತೆ ಏರಿಸಿದಳು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಒಳ್ಳೆಯ ಜಾಗ. ಆದರೆ ಅಬು ಶಾಹಿರ್ ತಲೆ ತಿರುಗಿಸದೆ ನನ್ನನ್ನೇ ಕೇಳಿದ:

"ನಿನ್ನ ಕಥೆ ಮುಗಿದ್ರೆ ನಾನು ಮನೆಗೆ ಹೋಗಬೇಕಾ?"

"ಹೋಗಬೇಕಾಗುತ್ತೆ. ನಾಲ್ಕಕ್ಕೆ ನಿಮ್ಮ ಪಾಳಿ ಮುಗಿಯುತ್ತೆ."

"ಆಮೇಲೆ ಇಲ್ಲಿ ಯಾರು ನಿಲ್ತಾರೆ?"

ನಾನು ನಿಝಾರನ ಕಡೆ ನೋಡಿದೆ. ಅವನು ಫೋನು ನೋಡುತ್ತಿದ್ದ. ಗಂಟೆ ಮೂರೂ ಐವತ್ತು.

ಹಾಗಾಗಿ ಮುಗಿಸುತ್ತಿಲ್ಲ. ಪೂರ್ಣವಿರಾಮ ಬೀಳಬೇಕಾದ ಜಾಗದಲ್ಲಿ ಒಬ್ಬ ಮನುಷ್ಯ ಕೈ ಚಾಚಿ ನಿಂತಿದ್ದಾನೆ, ದಾಟಬೇಡಿ